ನಾಲಿಗೆಯ ನಕ್ಷೆ ಮತ್ತು ಗಾಜಿನ ಬಟ್ಟಲು

‘ನಾಲಿಗೆಯ ಚಿತ್ರ ಬರೆದು ರುಚಿಯ ಭಾಗಗಳನ್ನು ಗುರುತಿಸಿ’ ಎಂಬ ಪ್ರಶ್ನೆಯನ್ನು ನಾವು ಶಾಲೆಯಲ್ಲಿ ಎಷ್ಟು ಸಲ ಬಿಡಿಸಿದ್ದೇವೋ! ತುದಿಯಲ್ಲಿ ಸಿಹಿ, ಅಂಚುಗಳಲ್ಲಿ ಉಪ್ಪು ಮತ್ತು ಹುಳಿ, ಹಿಂಭಾಗದಲ್ಲಿ ಕಹಿ. ನಾನೂ ಹಾಗೆಯೇ ಬರೆದು ಪೂರ್ಣ ಅಂಕ ಪಡೆದವನು. ಆ ನಕ್ಷೆ ತಪ್ಪು. ಯುರೋಪಿನ ವೈನ್ ಬಟ್ಟಲಿನ ಇತಿಹಾಸದಲ್ಲಿಯೂ ಅದೇ ತಪ್ಪು ನುಸುಳಿತ್ತು. (ನಮ್ಮ ಕುತೂಹಲ ಇರುವುದು ಬಟ್ಟಲಿನಲ್ಲಿ, ಪಾನೀಯದಲ್ಲಿ ಅಲ್ಲ!)

ಯುರೋಪಿನ ಸಿರಿವಂತರ ಮೇಜಿನ ಮೇಲೆ ವೈನ್ ಬಟ್ಟಲೆಂದರೆ ಬಹುಕಾಲ ಬಣ್ಣ, ಕೆತ್ತನೆಗಳ ಅಲಂಕಾರದ ವಸ್ತುವಾಗಿತ್ತು. ಬೊಹೀಮಿಯಾದ ಗಾಜು ತಯಾರಕ ಮನೆತನದ ಕ್ಲಾಸ್ ರೀಡೆಲ್ ಎರಡನೆಯ ಮಹಾಯುದ್ಧದ ನಂತರ ಆಸ್ಟ್ರಿಯಾದ ಕುಫ್‌ಸ್ಟೈನ್‌ನಲ್ಲಿ ನೆಲೆಸಿದರು. ಫ್ರಾನ್ಸಿನ ಬರ್ಗಂಡಿ ಪ್ರದೇಶದ ವೈನ್‌ಗಾಗಿ 1958ರಲ್ಲಿ ಅವರು ರೂಪಿಸಿದ ಬಟ್ಟಲಿಗೆ ಯಾವ ಅಲಂಕಾರವೂ ಇರಲಿಲ್ಲ. ತೆಳುಗಾಜು, ದೊಡ್ಡ ಹೊಟ್ಟೆ, ಅಷ್ಟೆ. 1973ರಲ್ಲಿ ಒಂದೊಂದು ಬಗೆಯ ವೈನ್‌ಗೆ ಒಂದೊಂದು ಆಕಾರದ ಬಟ್ಟಲುಗಳ ಸರಣಿಯೇ ಬಂತು.

ಆಕಾರ ಬದಲಾದರೆ ರುಚಿ ಏಕೆ ಬದಲಾಗಬೇಕು? ಬಟ್ಟಲಿನ ಅಂಚು ವೈನನ್ನು ನಾಲಿಗೆಯ ತಕ್ಕ ಭಾಗಕ್ಕೆ ಹರಿಸುತ್ತದೆ ಎಂಬ ಉತ್ತರ ಬಹಳ ಕಾಲ ಪ್ರಚಾರದಲ್ಲಿತ್ತು. ಅಂದರೆ ನಮ್ಮ ಅದೇ ನಕ್ಷೆ.

ಆ ನಕ್ಷೆಯ ಮೂಲ 1901ರ ಒಂದು ಜರ್ಮನ್ ಪ್ರಬಂಧ. ನಾಲಿಗೆಯ ಬೇರೆ ಬೇರೆ ಜಾಗಗಳ ಸಂವೇದನೆಯಲ್ಲಿ ಅಲ್ಪ ವ್ಯತ್ಯಾಸವಿದೆಯೆಂದಷ್ಟೇ ಹೇನಿಗ್ ಅದರಲ್ಲಿ ಹೇಳಿದ್ದರು. 1942ರಲ್ಲಿ ಹಾರ್ವರ್ಡ್‌ನ ಮನೋವಿಜ್ಞಾನಿ ಎಡ್ವಿನ್ ಬೋರಿಂಗ್ ತಮ್ಮ ಗ್ರಂಥದಲ್ಲಿ ಬರೆದ ರೇಖಾಚಿತ್ರ ಆ ಅಲ್ಪವನ್ನು ದೊಡ್ಡದಾಗಿ ಕಾಣಿಸಿತು. ಓದಿದವರು ‘ಇಲ್ಲಿ ಸಿಹಿ ಮಾತ್ರ, ಅಲ್ಲಿ ಕಹಿ ಮಾತ್ರ’ ಎಂದುಕೊಂಡರು. 1974ರಲ್ಲಿ ವರ್ಜೀನಿಯಾ ಕಾಲಿಂಗ್ಸ್ ಮತ್ತೆ ಪರೀಕ್ಷಿಸಿದಾಗಲೂ ವ್ಯತ್ಯಾಸ ಅಲ್ಪವೇ ಆಗಿತ್ತು. ಪಠ್ಯಪುಸ್ತಕಗಳಿಗೆ ಮಾತ್ರ ಈ ಸುದ್ದಿ ಬೇಗ ಮುಟ್ಟಲಿಲ್ಲ. ನಂಬಿಕೆ ಬಾರದಿದ್ದರೆ ನಾಲಿಗೆಯ ಅಂಚಿಗೆ ಒಂದು ಚಿಟಿಕೆ ಸಕ್ಕರೆ ಇಟ್ಟು ನೋಡಿ.

ಹಾಗಾದರೆ ಬಟ್ಟಲಿನ ಆಕಾರಕ್ಕೆ ಅರ್ಥವೇ ಇಲ್ಲವೇ? ಇದೆ, ಆದರೆ ಅದು ಮೂಗಿಗೆ ಸಂಬಂಧಿಸಿದ್ದು. ನೆಗಡಿಯಾದಾಗ ಅಮ್ಮ ಮಾಡಿದ ಸಾರೂ ಸಪ್ಪೆ ಎನಿಸುವುದಿಲ್ಲವೇ? ನಾವು ರುಚಿ ಎನ್ನುವುದರಲ್ಲಿ ಪರಿಮಳದ ಪಾಲು ದೊಡ್ಡದು. ವೈನ್ ಪರೀಕ್ಷಕರಿಗಾಗಿ 1977ರಲ್ಲಿ ನಿಗದಿಯಾದ ಅಂತರರಾಷ್ಟ್ರೀಯ ಮಾನಕದ ಬಟ್ಟಲನ್ನೇ ನೋಡಿ: ಹೊಟ್ಟೆ 65 ಮಿಲಿಮೀಟರ್ ಅಗಲ, ಬಾಯಿ 46. ತುಂಬುವುದು ಕೇವಲ 50 ಮಿಲಿಲೀಟರ್. ಅಗಲವಾದ ಮೇಲ್ಮೈಯಿಂದ ಪರಿಮಳದ ಅಣುಗಳು ಆವಿಯಾಗಿ ಏಳುತ್ತವೆ; ಕಿರಿದಾದ ಬಾಯಿ ಅವು ಬೇಗ ಚದುರದಂತೆ ತಡೆಯುತ್ತದೆ.

ಕಣ್ಣಿಗೆ ಕಾಣದ ಆ ಆವಿಯನ್ನು 2015ರಲ್ಲಿ ಟೋಕಿಯೊದ ಕೋಜಿ ಮಿತ್ಸುಬಯಾಶಿ ಮತ್ತು ಸಂಗಡಿಗರು ಚಿತ್ರವಾಗಿಸಿದರು. ಕಿಣ್ವ ಸವರಿದ ಜಾಲರಿಯನ್ನು ಅವರು ಬಟ್ಟಲಿನ ಬಾಯಿಯ ಮೇಲಿಟ್ಟರು. ಆಲ್ಕೋಹಾಲ್ ಆವಿ ತಾಗಿದ ಕಡೆ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿ, ಅದರಿಂದ ಲೂಮಿನಾಲ್ ಎಂಬ ರಾಸಾಯನಿಕ ಹೊಳೆಯಿತು. ಆ ಬೆಳಕನ್ನು ಕ್ಯಾಮೆರಾ ಹಿಡಿಯಿತು. 13 ಡಿಗ್ರಿ ಸೆಲ್ಸಿಯಸ್‌ನಲ್ಲಿ ವೈನ್ ಬಟ್ಟಲಿನ ಅಂಚಿನ ಸುತ್ತ ಉಂಗುರದಂತೆ ಆವಿ ದಟ್ಟವಾಗಿತ್ತು, ನಡುವೆ ವಿರಳವಾಗಿತ್ತು. ನೇರ ಗೋಡೆಯ ಲೋಟದಲ್ಲಿ ಆ ಉಂಗುರ ಕಾಣಲಿಲ್ಲ. ಆಲ್ಕೋಹಾಲಿನ ಘಾಟು ಕಡಿಮೆಯಿರುವ ನಡುವಿನ ಜಾಗದಲ್ಲಿ ಮೂಗಿಗೆ ಪರಿಮಳ ಸುಲಭವಾಗಿ ಸಿಗಬಹುದು. ‘ಬಹುದು’ ಎಂದೇ ಹೇಳಬೇಕು. ಆ ಕ್ಯಾಮೆರಾ ಕಂಡದ್ದು ಆಲ್ಕೋಹಾಲಿನ ಆವಿಯನ್ನು, ಪರಿಮಳವನ್ನಲ್ಲ.