ತುಂಬಿದ ಗೂಡ್ಸ್ ಯಾವ ಕಡೆ ಹೊರಟಿದೆ?

ಇವತ್ತಿನ ಮಾತು ಗೂಡ್ಸ್ ಗಾಡಿ ಬಗ್ಗೆ. ವಂದೇ ಭಾರತ್ ಬಂದರೆ ಎಲ್ಲರೂ ಮೊಬೈಲ್ ಎತ್ತತಾರೆ, ರೀಲ್ಸ್ ಮಾಡತಾರೆ. ಗೂಡ್ಸ್ ಬಂದರೆ ಮಾತ್ರ ಗೇಟಿನಾಗ ಬೈಕ್ ಆಫ್ ಮಾಡಿ, "ಯಾವಾಗ ಮುಗೀತದಪಾ ಇದು" ಅಂತ ಕೂಡತೇವಿ. ನಾನು ಫೋಟೊ ತೆಗೆಯೋದು ಆ ಗೂಡ್ಸ್‌ದೇ.

ನಮ್ಮ ಸುಳ್ಳದಲ್ಲಿ ರೈಲ್ವೆ ಸ್ಟೇಷನ್ ಇಲ್ಲ. ನಮ್ಮ ಭಾಗದ ಹಳಿ ಅಂದರೆ ಹುಬ್ಬಳ್ಳಿ–ಗದಗ ಮಾರ್ಗ. ಕುಸುಗಲ್, ಹೆಬಸೂರು, ಅಣ್ಣಿಗೇರಿ ದಾಟಿ ಹೋಗುತ್ತದೆ. ಎರಡೂ ಬದಿ ಬಯಲು ಎರಿ ಹೊಲ. 58 ಡಬ್ಬಿಯ ಗಾಡಿ ಎಂಜಿನ್‌ನಿಂದ ಗಾರ್ಡ್ ಡಬ್ಬಿವರೆಗೆ ಒಂದೇ ಫೋಟೊದಲ್ಲಿ ಸಿಗುತ್ತದೆ.

ನಾನು ಬಿ.ಕಾಂ ಓದಿದವ. ಹಿಂಗಾಗಿ ಗೂಡ್ಸ್ ನೋಡಿದ ಕೂಡಲೇ ತಲೆಗೆ ಬರುವ ಪ್ರಶ್ನೆ ಜಮಾ-ಖರ್ಚಿನದು: ತುಂಬಿದ ಗಾಡಿ ಯಾವ ಕಡೆ ಹೊರಟಿದೆ, ಖಾಲಿ ಯಾವ ಕಡೆ? ಈ ಒಂದು ಪ್ರಶ್ನೆ ಹಿಡಿದು ಹೋದರೆ ಸುಮಾರು 140 ವರ್ಷದ ಇತಿಹಾಸ ಸಿಗುತ್ತದೆ.

ಮೊದಲು ಹತ್ತಿ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯಿತು. ಅಲ್ಲಿಯ ಹತ್ತಿ ನಿಂತಿತು. ಇಂಗ್ಲೆಂಡಿನ ಗಿರಣಿಗಳ ಕಣ್ಣು ನಮ್ಮ ಧಾರವಾಡ ಸೀಮೆಯ ಎರಿ ಹೊಲದ ಮೇಲೆ ಬಿತ್ತು. ಆಗ ರೈಲು ಎಲ್ಲಿತ್ತು? ಅರಳೆ ಚಕ್ಕಡಿಯಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಬೆಳೆದದ್ದು ಇಲ್ಲಿ, ಆದರೆ ಪೇಟೆಯಲ್ಲಿ ಅದಕ್ಕೆ ಬಿದ್ದ ಹೆಸರು 'ಕುಮಟಾ ಹತ್ತಿ'!

ಆಮೇಲೆ 1876–78ರ ಭೀಕರ ಬರ. ಕಾಳು ತರಲು ದಾರಿಯಿಲ್ಲದೆ ಜನ ಸತ್ತರು. ಬರ ಬಂದರೆ ಧಾನ್ಯ ಸಾಗಿಸಲು ರೈಲು ಬೇಕು ಅನ್ನೋ ಮಾತು ಗಟ್ಟಿಯಾಯಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಬಳ್ಳಾರಿ, ಗದಗ, ಹುಬ್ಬಳ್ಳಿ ಮೀಟರ್ ಗೇಜ್ ಹಳಿಯಲ್ಲಿ ಕೂಡಿದವು. 1888ರ ಹೊತ್ತಿಗೆ ಹಳಿ ಕ್ಯಾಸಲ್‌ರಾಕ್ ಘಟ್ಟ ಇಳಿದು ಗೋವಾದ ಮಾರ್ಮಗೋವಾ ಬಂದರು ಮುಟ್ಟಿತು. ಕಾಳು ಒಳಗೆ ತರುವ ಹೆಸರಿನಲ್ಲಿ ಬಂದ ಹಳಿ, ಹತ್ತಿಯನ್ನು ಹೊರಗೂ ಒಯ್ದಿತು. ಎರಡೂ ಖರೇನೇ.

ಈಗ ಅದಿರಿನ ಕಾಲಕ್ಕೆ ಬರೋಣ. 1990ರ ದಶಕದಲ್ಲಿ ಹಳಿ ಬ್ರಾಡ್‌ಗೇಜ್ ಆಯಿತು. ಅಮೆರಿಕ ಮೂಲದ, 4,000 ಅಶ್ವಶಕ್ತಿಯ ಡಬ್ಲ್ಯುಡಿಜಿ-4 ಡೀಸೆಲ್ ಎಂಜಿನ್‌ಗಳು ದೇಶದಲ್ಲಿ ಮೊದಲು ನೆಲೆ ನಿಂತದ್ದು ನಮ್ಮ ಹುಬ್ಬಳ್ಳಿ ಶೆಡ್‌ನಲ್ಲೇ. ಭಾರ ಎಳೆಯೋದು ಅಷ್ಟಿತ್ತು, ಘಟ್ಟದ ಏರೂ 37 ಅಡಿಗೆ 1 ಅಡಿ. 2000ದ ನಂತರ ಚೀನಾಕ್ಕೆ ಅದಿರು ಬೇಕಾಯಿತು. ಬಳ್ಳಾರಿ–ಹೊಸಪೇಟೆಯ ಕೆಂಪು ಮಣ್ಣು ತುಂಬಿದ ಗಾಡಿಗಳು ಪಶ್ಚಿಮಕ್ಕೆ, ಬಂದರಿನ ಕಡೆ ಓಡಿದವು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ತಡೆಯಿತು. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ವರದಿ ಬಂತು, ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು.

ಈಗ ಜಮಾ-ಖರ್ಚು ತಿರುಗಿದೆ ನೋಡ್ರಿ. ಹೊರದೇಶದ ಕಲ್ಲಿದ್ದಲು ಮಾರ್ಮಗೋವಾದಲ್ಲಿ ಇಳಿದು, ಘಟ್ಟ ಏರಿ, ನಮ್ಮ ಹೊಲ ದಾಟಿ ಪೂರ್ವಕ್ಕೆ ತೋರಣಗಲ್ಲಿನ ಜಿಂದಾಲ್ ಉಕ್ಕಿನ ಕಾರ್ಖಾನೆಗೆ ಹೋಗುತ್ತದೆ. ನಮಗೆ ಗೇಟಿನಲ್ಲಿ ಹತ್ತು ನಿಮಿಷ ಕಾಯೋದಷ್ಟೇ ತ್ರಾಸು. ಗೋವಾದ ಹಳ್ಳಿಯವರಿಗೆ ಅದು ಮನೆಯೊಳಗೆ ಬರುವ ಕಪ್ಪು ಧೂಳು. 2020ರಲ್ಲಿ ಅವರು ರಾತ್ರಿ ಹಳಿ ಮೇಲೆ ಕೂತು ಜೋಡಿಹಳಿ ಬೇಡ ಅಂದರು. 2022ರ ಮೇನಲ್ಲಿ ಸುಪ್ರೀಂ ಕೋರ್ಟ್, ತಿನೈಘಾಟ್‌ನಿಂದ ಕುಳೆಂವರೆಗಿನ ಕಾಡಿನ ಜೋಡಿಹಳಿಗೆ ಕೊಟ್ಟಿದ್ದ ವನ್ಯಜೀವಿ ಮಂಡಳಿಯ ಒಪ್ಪಿಗೆಯನ್ನು ರದ್ದು ಮಾಡಿತು. ಒಂದೇ ಗಾಡಿ ತೋರಣಗಲ್ಲಿನಲ್ಲಿ ಪಗಾರ, ಗೋವಾದಲ್ಲಿ ಜಗಳ. ನಾವು ನಡುವೆ ನಿಂತು ನೋಡುವವರು. ನೋಡುವವರು ಬರೆದಿಟ್ಟುಕೊಳ್ಳಬೇಕಲ್ಲ?

ಹೆಂಗ ಗುರುತಿಸೋದು? ಮೇಲ್ಸೇತುವೆಯಿಂದ ನೋಡಿದರೆ ಸುಲಭ. ಕಲ್ಲಿದ್ದಲು ಹಗುರ, ಡಬ್ಬಿ ತುದಿವರೆಗೆ ತುಂಬಿರುತ್ತದೆ. ಅದಿರು ಭಾರ, ಅರ್ಧ ಡಬ್ಬಿಗೇ ತೂಕ ಮುಗಿಯುತ್ತದೆ. ಖಾಲಿ ಗಾಡಿ ಗಡಗಡ ಅನ್ನುತ್ತದೆ, ತುಂಬಿದ್ದು ನೆಲ ನಡುಗಿಸುತ್ತದೆ. ಪ್ರತಿ ಡಬ್ಬಿಯ ಮೈಮೇಲೆ 11 ಅಂಕಿ ಇರುತ್ತವೆ. ಐದನೆಯ ಮತ್ತು ಆರನೆಯ ಅಂಕಿ ಅದು ತಯಾರಾದ ವರ್ಷ. ಅಲ್ಲಿ 09 ಇದ್ದರೆ 2009ರ ಡಬ್ಬಿ.

ಒಂದು ಎಚ್ಚರ: ಹಳಿ ಮೇಲೆ ಇಳಿಯಬೇಡಿ. ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಅತಿಕ್ರಮಣಕ್ಕೆ 6 ತಿಂಗಳವರೆಗೆ ಜೈಲು, 1,000 ರೂಪಾಯಿವರೆಗೆ ದಂಡ, ಇಲ್ಲಾ ಎರಡೂ. ಈಗ ಮೇಲೆ ಕರೆಂಟಿನ ತಂತಿಯೂ ಇದೆ, ಸೆಲ್ಫಿ ಸ್ಟಿಕ್ ಎತ್ತಬೇಡಿ. ರಸ್ತೆ ಬದಿಯೇ ಸಾಕು.

ಮುಂದಿನ ಸಲ ಗೇಟ್ ಬಿದ್ದಾಗ ಒಂದು ಫೋಟೊ ತೆಗೆಯಿರಿ. ಜೊತೆಗೆ ಮೂರು ಮಾತು ಬರೆಯಿರಿ: ತಾರೀಖು, ದಿಕ್ಕು, ಒಳಗೆ ಏನಿತ್ತು. ಹತ್ತು ವರ್ಷದ ಮೇಲೆ ಈ ಹಳಿಯ ಲೆಕ್ಕ ಮತ್ತೆ ತಿರುಗಿದರೆ, ಅದರ ಸಾಕ್ಷಿ ನಿಮ್ಮ ಫೋನಿನಲ್ಲೇ ಇರುತ್ತದೆ. ಬರತೇನ್ರಿ.