ಡಾಡ್ಜರ್ಸ್ ತಂಡವೂ ರೇಡಿಯೋ ಪ್ರಸಾರವೂ

ಕುರುಕ್ಷೇತ್ರದ ವೃತ್ತಾಂತವನ್ನು ಸಂಜಯನು ಧೃತರಾಷ್ಟ್ರನಿಗೆ ಅರುಹಿದಂತೆ, ಬೇಸ್‌ಬಾಲ್ ಆಟದ ವೃತ್ತಾಂತವನ್ನು ರೇಡಿಯೋ ಮೂಲಕ ಮನೆಮನೆಗೆ ಅರುಹುವ ಪದ್ಧತಿಯು ಅಮೆರಿಕಾ ದೇಶದಲ್ಲಿ 1921ರಲ್ಲಿ ಮೊದಲಾಯಿತು. ಆದರೆ ಮನೆಯಲ್ಲಿಯೇ ಆಟವನ್ನು ಕೇಳುವವರು ಹಣ ತೆತ್ತು ಕ್ರೀಡಾಂಗಣಕ್ಕೆ ಬರುವುದುಂಟೇ ಎಂಬ ಶಂಕೆಯಿಂದ, ನ್ಯೂಯಾರ್ಕ್ ನಗರದ ಮೂರು ತಂಡಗಳೂ ಕೆಲವು ವರ್ಷ ಪ್ರಸಾರವನ್ನು ನಿಷೇಧಿಸಿದ್ದವು. ಬ್ರೂಕ್ಲಿನ್ ಭಾಗದ ಡಾಡ್ಜರ್ಸ್ ಅವುಗಳಲ್ಲೊಂದು.

1939ರಲ್ಲಿ ಆ ತಂಡದ ಮುಖ್ಯಸ್ಥರಾದ ಲ್ಯಾರಿ ಮ್ಯಾಕ್‌ಫೇಲ್ ಎಂಬವರು ಈ ನಿಷೇಧವನ್ನು ತೊರೆದು, ಸಿನ್ಸಿನಾಟಿಯಿಂದ ರೆಡ್ ಬಾರ್ಬರ್ ಎಂಬ ವಾಗ್ಮಿಯನ್ನು ಕರೆತಂದರು. ಫಲವೇನಾಯಿತು? ಹಿಂದಿನ ವರ್ಷ ಸುಮಾರು 6.6 ಲಕ್ಷವಿದ್ದ ಪ್ರೇಕ್ಷಕರ ಸಂಖ್ಯೆಯು 9.5 ಲಕ್ಷಕ್ಕೇರಿತು. ತಂಡವು ಏಳನೆಯ ಸ್ಥಾನದಿಂದ ಮೂರನೆಯದಕ್ಕೆ ಬಂದುದೂ ಇದಕ್ಕೆ ಕಾರಣವೇ ಸರಿ; ಆದರೂ ಪ್ರಸಾರವು ಜನರನ್ನು ದೂರಮಾಡಲಿಲ್ಲವೆಂಬುದು ಸಿದ್ಧವಾಯಿತು. ಅದೇ ವರ್ಷ ಆಗಸ್ಟ್ 26ರಂದು ಎಬೆಟ್ಸ್ ಫೀಲ್ಡಿನಲ್ಲಿ ನಡೆದ ಆಟವು ಟೆಲಿವಿಷನ್ನಿನಲ್ಲಿಯೂ ಕಾಣಿಸಿತು. ಪ್ರಧಾನ ಲೀಗುಗಳ ಆಟಗಳಲ್ಲಿ ಇದೇ ಮೊದಲನೆಯದು.

1950ರಲ್ಲಿ ಬಂದ ವಿನ್ ಸ್ಕಲ್ಲಿಯವರು 2016ರವರೆಗೆ 67 ಋತುಗಳ ಕಾಲ ಈ ತಂಡದ ಆಟವನ್ನು ವರ್ಣಿಸಿದರು. 1958ರಲ್ಲಿ ತಂಡವು ಲಾಸ್ ಏಂಜಲೀಸಿಗೆ ತೆರಳಿದಾಗ ಅವರೂ ತೆರಳಿದರು. ಬ್ರೂಕ್ಲಿನ್ನಿನ ಜನರಿಗೆ ಆಟವೂ ಹೋಯಿತು, ಆ ವಾಣಿಯೂ ಹೋಯಿತು. ಹೊಸ ಊರಿನ ವಿಶಾಲವಾದ ಕ್ರೀಡಾಂಗಣದಲ್ಲಿಯಾದರೋ, ಪ್ರೇಕ್ಷಕರು ಟ್ರಾನ್ಸಿಸ್ಟರ್ ರೇಡಿಯೋಗಳನ್ನು ಕೈಯಲ್ಲಿ ಹಿಡಿದೇ ಬರುತ್ತಿದ್ದರು. ಕ್ರೀಡಾಂಗಣವನ್ನು ಬರಿದುಮಾಡೀತೆಂದು ಹೆದರಿದ್ದ ವಾಣಿಯು ಕಣ್ಣೆದುರಿನ ಆಟಕ್ಕೂ ಬೇಕಾದುದಾಯಿತು. ಒಂದು ದೀಪದಿಂದ ಇನ್ನೊಂದನ್ನು ಹಚ್ಚಿದರೆ ಮೊದಲಿನದರ ಬೆಳಕು ಕುಂದುವುದಿಲ್ಲವಷ್ಟೆ.