ರಕಾರದ ಚರಿತ್ರೆಯೂ ಗಡಿನಾಡಿನ ಉಪಾಧ್ಯಾಯನೂ

ಕಾಸರಗೋಡಿನ ಕಡೆ ಮಲೆಯಾಳ ಮನೆಮಾತಿನ ಹುಡುಗನೊಬ್ಬನು ಕನ್ನಡದ ‘ಆರು’, ‘ನೂರು’ಗಳಲ್ಲಿ ರಕಾರವನ್ನು ಒತ್ತಿ ನುಡಿದರೆ ತರಗತಿಯು ನಗುವುದುಂಟು. ಅದು ಅಶುದ್ಧವೆಂದು ಗದರಿಸುವ ಉಪಾಧ್ಯಾಯರೂ ಇಲ್ಲದಿಲ್ಲ. ಆದರೆ ಹಾಗೆ ತೀರ್ಪುಕೊಡುವ ಮುನ್ನ ನಾವು ರಕಾರದ ಚರಿತ್ರೆಯನ್ನು ಒಮ್ಮೆ ನೋಡುವುದು ಉಚಿತ.

10ನೆಯ ಶತಮಾನದ ಪಂಪನ ಕನ್ನಡದಲ್ಲಿ ರಕಾರಗಳು ಎರಡಿದ್ದುವು: ಒಂದು ಸಾಮಾನ್ಯ ರೇಫೆ, ಇನ್ನೊಂದು ಶಕಟರೇಫೆಯಾದ ಱ. ‘ಕರೆ’ ಎಂದರೆ ಕೂಗು. ‘ಕಱೆ’ ಎಂದರೆ ಹಾಲು ಹಿಂಡು. ‘ಏರ್’ ಎಂದರೆ ನೇಗಿಲು. ‘ಏಱು’ ಎಂದರೆ ಹತ್ತು. ಸಂಖ್ಯೆಗಳೂ ‘ಆಱು’, ‘ನೂಱು’ ಎಂದೇ ಇದ್ದುವು. ಕಾಲಕ್ರಮದಲ್ಲಿ ಇವೆರಡೂ ಒಂದಾದುವು. ಅಕ್ಷರವೂ ವರ್ಣಮಾಲೆಯಿಂದ ಮರೆಯಾಯಿತು. ತೆಲುಗರು ‘ಬಂಡಿ ರ’ ಎಂದು ಕರೆಯುವುದೂ ಇದನ್ನೇ. ಶಕಟವೆಂದರೆ ಬಂಡಿಯೇ ಅಲ್ಲವೆ? ಅಲ್ಲಿಯೂ ಅದು ಬಳಕೆ ತಪ್ಪಿತು. ತಮಿಳು ಮತ್ತು ಮಲೆಯಾಳಗಳ ಬರಹದಲ್ಲಿ ಮಾತ್ರ ಎರಡೂ ಇಂದಿಗೂ ಉಳಿದಿವೆ. ಆದುದರಿಂದ ಆ ಹುಡುಗನ ನಾಲಗೆಯಲ್ಲಿರುವುದು ಕನ್ನಡಕ್ಕೆ ಪರಕೀಯವಾದ ಧ್ವನಿಯಲ್ಲ, ಕನ್ನಡವು ಕಳೆದುಕೊಂಡ ಧ್ವನಿ.

ರಕಾರಕ್ಕೆ ಇನ್ನೊಂದು ಗತಿಯೂ ಒದಗಿತು. ವ್ಯಂಜನದ ಹಿಂದೆ ನಿಂತಾಗ ಅದು ಮುಂದಿನ ಅಕ್ಷರದಲ್ಲಿ ಲೀನವಾಯಿತು. ‘ಇರ್ದು’ ಎಂಬುದು ‘ಇದ್ದು’ ಆಯಿತು, ‘ಗರ್ದೆ’ ‘ಗದ್ದೆ’ಯಾಯಿತು, ‘ಎರ್ದೆ’ ‘ಎದೆ’ಯಾಯಿತು. ಮೊದಲು ಹಾಗೆ ನುಡಿದವರನ್ನು ಆ ಕಾಲದ ಬಲ್ಲವರು ತಪ್ಪುಗಾರರೆಂದೇ ಎಣಿಸಿರಬೇಕು. ಇಂದು ‘ಗರ್ದೆ’ ಎಂದವನೇ ತಪ್ಪುಗಾರ!

ನಮ್ಮ ವೃತ್ತಿಯ ಮುಖ್ಯ ಪದವೇ ಇದಕ್ಕೆ ಸಾಕ್ಷಿ. ‘ತಿದ್ದು’ ಎಂಬುದರ ಹಳೆಯ ರೂಪ ‘ತಿರ್ದು’. ತಮಿಳಿನ ‘ತಿರುತ್ತು’, ಮಲೆಯಾಳದ ‘ತಿರುತ್ತುಕ’ಗಳಲ್ಲಿ ಆ ರಕಾರ ಇನ್ನೂ ಕೇಳುತ್ತದೆ, ತೆಲುಗಿನ ‘ದಿದ್ದು’ವಿನಲ್ಲಿ ನಮ್ಮಲ್ಲಿಯಂತೆಯೇ ಅಳಿದಿದೆ. ಅಕ್ಷರ ತಿದ್ದಿಸುವ ನಾವು ದಿನವೂ ಆಡುವುದು ರಕಾರ ಕಳೆದುಕೊಂಡ ಪದವನ್ನು.

ಹಾಗೆಂದು ಇಂದಿನ ಶಿಷ್ಟರೂಪವನ್ನು ಕಲಿಸಬಾರದೆಂದು ನಮ್ಮ ಅಭಿಪ್ರಾಯವಲ್ಲ. ಬರಹದಲ್ಲಿ ತಪ್ಪನ್ನು ತಿದ್ದಲೇಬೇಕು. ಓದಿನಲ್ಲಿ ಸ್ಪಷ್ಟತೆಯನ್ನು ಬಯಸಲೇಬೇಕು. ಆದರೆ ನಗೆಗೀಡಾದ ಮಗು ಬಾಯಿ ತೆರೆಯಲು ಅಂಜುತ್ತದೆ, ಕ್ರಮೇಣ ಕನ್ನಡದಿಂದಲೇ ದೂರವಾಗುತ್ತದೆ. ಒಂದೊಂದು ಮಗುವನ್ನೂ ಎಣಿಸಿಕೊಂಡು ತರಗತಿ ಉಳಿಸಬೇಕಾದ ಗಡಿನಾಡಿನಲ್ಲಿ ಇದು ಸಣ್ಣ ನಷ್ಟವಲ್ಲ. ಆದ್ದರಿಂದ ‘ಆಱು’ ಎಂದ ಮಗುವಿಗೆ ಉಪಾಧ್ಯಾಯನು, “ನಮ್ಮ ಹಿರಿಯರೂ ಹೀಗೆಯೇ ನುಡಿಯುತ್ತಿದ್ದರು, ಈಗ ನಾವು ಹೀಗೆ ನುಡಿಯುತ್ತೇವೆ” ಎಂದು ಹೇಳಲಿ. ಅಷ್ಟರಿಂದ ಉಚ್ಚಾರಣೆಯ ಪಾಠವೂ ಆದೀತು, ಚರಿತ್ರೆಯ ಪಾಠವೂ ಆದೀತು.